ದೇವಾಲಯದ ಮುಂದಿನ ದಾರಿ

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನ ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ದೇವಾಲಯದ ಕಟ್ಟಡ, ಬಲಿಪೀಠ, ಗಂಟೆ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ಇವರೆಲ್ಲರ ವಿಚಾರವಾಗಿ ಬಲ್ಲವರು ಬೇರೆ ಲೇಖನಗಳನ್ನು ಬರೆದಿದ್ದಾರೆ. ಆದುದರಿಂದ ನಾವು ಯಾರೂ ಆರಿಸಿಕೊಳ್ಳದ ಒಂದು ವಿಷಯವನ್ನು ಆರಿಸಿಕೊಂಡೆವು. ಅದು ನಮ್ಮ ದೇವಾಲಯದ ಬಾಗಿಲ ಮುಂದೆ ಹಾದುಹೋಗುವ ದಾರಿ.

ದಾರಿಗೂ ಧರ್ಮಸಭೆಯ ಚರಿತ್ರೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ದೇವಾಲಯಕ್ಕೆ ಈ ನಿವೇಶನವನ್ನು ಆರಿಸಿಕೊಂಡದ್ದೇ ದಾರಿಯ ಬದಿಯೆಂಬ ಕಾರಣಕ್ಕೆ. ಎತ್ತಿನ ಗಾಡಿಯಲ್ಲಿ ಬರುವ ಹಳ್ಳಿಯ ಭಕ್ತಾದಿಗಳಿಗೂ ನಡೆದು ಬರುವ ವೃದ್ಧರಿಗೂ ಅನುಕೂಲವಾಗಲೆಂಬುದು ಅವರ ಆಲೋಚನೆಯಾಗಿತ್ತು. ಅಂದು ಸೌಕರ್ಯವಾಗಿದ್ದ ಅದೇ ಸಾಮೀಪ್ಯ ಇಂದು ಚಿಂತೆಯ ವಿಷಯವಾಗಿದೆ. ರಸ್ತೆ ಅಗಲವಾದರೆ ಯಾರ ಮನೆ ಹೋಗುತ್ತದೆ, ಯಾರ ಅಂಗಡಿ ಉಳಿಯುತ್ತದೆ, ಮಕ್ಕಳು ಹೇಗೆ ದಾಟುತ್ತಾರೆ ಎಂಬ ಮಾತು ಭಾನುವಾರದ ಬಲಿಪೂಜೆಯ ನಂತರ ನಮ್ಮ ಅಂಗಳದಲ್ಲಿ ಕೇಳಿಬರದ ವಾರವಿಲ್ಲ. ಇಂಥ ಸಮಯದಲ್ಲಿ ದಾರಿಯ ಪೂರ್ವಚರಿತ್ರೆಯನ್ನೂ ಅದಕ್ಕೆ ಸಂಬಂಧಿಸಿದ ಕಾನೂನನ್ನೂ ತಿಳಿದಿರುವುದು ಒಳ್ಳೆಯದು.

ನಮ್ಮ ಸೀಮೆಗೆ ಶುಭಸಂದೇಶವು ದಾರಿಯ ಮೂಲಕವೇ ಬಂದಿತು. 18ನೆಯ ಶತಮಾನದ ಆರಂಭದಲ್ಲಿ ಯೇಸುಸಭೆಯ ಫ್ರೆಂಚ್ ಗುರುಗಳು ಪುದುಚೇರಿಯಿಂದ ಹೊರಟು ಘಟ್ಟಗಳನ್ನು ಹತ್ತಿ, ಕರ್ನಾಟಿಕ್ ಮಿಷನ್ ಎಂಬ ಹೆಸರಿನಲ್ಲಿ ತೆಲುಗು ಮತ್ತು ಕನ್ನಡ ನಾಡುಗಳ ಗಡಿಯಲ್ಲಿ ಸೇವೆ ನಡೆಸಿದರು. ಸಂನ್ಯಾಸಿಗಳಂತೆ ವಸ್ತ್ರ ಧರಿಸಿ, ಮಾಂಸಾಹಾರವನ್ನು ತ್ಯಜಿಸಿ ಅವರು ಊರಿಂದ ಊರಿಗೆ ಸಂಚರಿಸುತ್ತಿದ್ದರು. ಅವರಲ್ಲಿ ಒಬ್ಬರಾದ ಲೆ ಗಾಕ್ ಎಂಬ ಗುರುಗಳು 1709ರಲ್ಲಿ ಬರೆದ ಒಂದು ಪತ್ರದ ತಲೆಯಲ್ಲಿ ಚಿನ್ನಬಳ್ಳಾಪುರವೆಂಬ ಊರಿನ ಹೆಸರಿದೆ. ತೆಲುಗಿನ ಚಿನ್ನ ಎಂದರೆ ಕನ್ನಡದ ಚಿಕ್ಕ. ಅದು ನಮ್ಮ ಚಿಕ್ಕಬಳ್ಳಾಪುರವೇ. ಆ ಪತ್ರವು ಯೇಸುಸಭೆಯ ಗುರುಗಳ ಪತ್ರಸಂಗ್ರಹದಲ್ಲಿ ಸೇರಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಈ ಮಿಷನ್ನಿನ ಹೊಣೆಯನ್ನು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಹೊತ್ತರು. ಮುಂದೆ 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವೂ 1940ರಲ್ಲಿ ಅದರಿಂದ ಬೇರ್ಪಟ್ಟು ಬೆಂಗಳೂರು ಧರ್ಮಪ್ರಾಂತ್ಯವೂ ಸ್ಥಾಪಿತವಾದವು. ಬೆಂಗಳೂರು 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಈ ದೀರ್ಘಕಾಲದಲ್ಲಿ ಗುರುಗಳು ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಬಂಡಿಯಲ್ಲೂ ಸೈಕಲ್ಲಿನಲ್ಲೂ ಸವೆಸಿದ್ದು ಇವೇ ದಾರಿಗಳನ್ನು.

ಆದರೆ ದಾರಿಗಳನ್ನು ಹಿಗ್ಗಿಸಿದವರು ಧರ್ಮಪ್ರಚಾರಕರಲ್ಲ, ದಂಡಾಳುಗಳು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನನ ವಶದಲ್ಲಿದ್ದ ನಂದಿದುರ್ಗವನ್ನು ಹಿಡಿದಾಗ ಫಿರಂಗಿಗಳನ್ನು ಎಳೆದುಕೊಂಡು ಬಂದುದು ಈ ಬೆಟ್ಟಗಳ ನಡುವೆಯೇ. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಗೊಂಡ ಮೇಲೆ ಆ ದಂಡಿಗೂ ಬಳ್ಳಾರಿಯ ದಂಡಿಗೂ ನಡುವಣ ಮಾರ್ಗಕ್ಕೆ ಮಹತ್ವ ಬಂದಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಸಂಸ್ಥಾನದಾದ್ಯಂತ ಸುಮಾರು 1,600 ಮೈಲಿಗಳಷ್ಟು ರಸ್ತೆ ನಿರ್ಮಾಣವಾಯಿತೆಂದು ಗೆಜೆಟಿಯರಿನಿಂದ ತಿಳಿದುಬರುತ್ತದೆ. ಚಿಕ್ಕಬಳ್ಳಾಪುರದ ಮುಖ್ಯ ಬೀದಿಯನ್ನು ಜನರು ಇಂದಿಗೂ ಬಿ.ಬಿ. ರಸ್ತೆಯೆಂದು ಕರೆಯುತ್ತಾರೆ. ಬೆಂಗಳೂರು–ಬಳ್ಳಾರಿ ರಸ್ತೆಯೆಂಬುದೇ ಅದರ ವಿಸ್ತಾರ. ಹೀಗೆ ದಂಡಿನ ದಾರಿಯೊಂದು ಅಂಗಡಿ ಬೀದಿಯಾಯಿತು.

ಅದು ಉತ್ತರ–ದಕ್ಷಿಣದ ದಾರಿ. ನಮ್ಮ ದೇವಾಲಯದ ಮುಂದಿನದು ಅದನ್ನು ಅಡ್ಡಹಾಯುವ ಪೂರ್ವ–ಪಶ್ಚಿಮದ ದಾರಿ. ಪಶ್ಚಿಮದಲ್ಲಿ ಗೌರಿಬಿದನೂರು, ನಡುವೆ ಚಿಕ್ಕಬಳ್ಳಾಪುರ, ಪೂರ್ವದಲ್ಲಿ ಶಿಡ್ಲಘಟ್ಟ ಮತ್ತು ಚಿಂತಾಮಣಿ, ಈ ನಾಲ್ಕು ಊರುಗಳನ್ನು ಹಾರದ ಮಣಿಗಳಂತೆ ಪೋಣಿಸಿರುವುದು ಇದೇ. ಗೌರಿಬಿದನೂರಿಗೆ 19ನೆಯ ಶತಮಾನದ ಕೊನೆಯ ದಶಕದಲ್ಲೇ ರೈಲು ಬಂದಿತ್ತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಕಿರುರೈಲು ಬಂದುದು 1915ರಲ್ಲಿ. ಅದೇ ದಶಕದಲ್ಲಿ ಕೋಲಾರದ ಕಡೆಯಿಂದ ಚಿಂತಾಮಣಿ, ಶಿಡ್ಲಘಟ್ಟಗಳಿಗೂ ಹಳಿ ಹಾಕಲಾಯಿತು. ಆದರೂ ರೇಷ್ಮೆಗೂಡಿನ ಬುಟ್ಟಿ, ದ್ರಾಕ್ಷಿ, ಹೂವು, ತರಕಾರಿ ಇವುಗಳಿಗೆ ಬಂಡಿಯ ದಾರಿಯೇ ಆಧಾರವಾಗಿ ಉಳಿಯಿತು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಗಿ, ಮುಂದೆ 1961ರಲ್ಲಿ ಅದು ಸಾರಿಗೆ ನಿಗಮವಾಯಿತು. ಕೆಂಪು ಬಸ್ಸು ಹಳ್ಳಿ ಹಳ್ಳಿಗೂ ಹೋಗತೊಡಗಿದ ಮೇಲೆ ಹಬ್ಬಕ್ಕೆ ಬರುವವರು ಹಿಂದಿನ ದಿನವೇ ಹೊರಟು ದೇವಾಲಯದ ಜಗುಲಿಯಲ್ಲಿ ಮಲಗುವ ಅಗತ್ಯ ಕಡಿಮೆಯಾಯಿತು.

ಈ ದಾರಿಗಳಿಗೆ ಹೊಸ ಹೆಸರುಗಳು ಬಂದುದು ಸ್ವಾತಂತ್ರ್ಯಾನಂತರ. ಹಳೆಯ ಬಳ್ಳಾರಿ ರಸ್ತೆಯ ಈ ಭಾಗವು ವಾರಾಣಸಿಯಿಂದ ಕನ್ಯಾಕುಮಾರಿಯವರೆಗಿನ 7ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೇರಿತು. 2010ರ ಮರುಸಂಖ್ಯೆಯಿಂದ ಅದು ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೆಯ ಹೆದ್ದಾರಿಯಾಗಿದೆ. ಪೂರ್ವ–ಪಶ್ಚಿಮದ ದಾರಿ ಮೊದಲು 234ನೆಯ ಹೆದ್ದಾರಿಯ ಭಾಗವಾಗಿತ್ತು. ಈಗ ಅದು ಕರಾವಳಿಯ ಹೊನ್ನಾವರದಿಂದ ಶಿವಮೊಗ್ಗ, ಶಿರಾ, ಮಧುಗಿರಿಗಳ ಮೇಲೆ ನಮ್ಮ ನಾಲ್ಕು ಊರುಗಳನ್ನು ಹಾದು ಮುಳಬಾಗಿಲಿನ ಮಾರ್ಗವಾಗಿ ಚಿತ್ತೂರಿಗೆ ಹೋಗುವ 69ನೆಯ ಹೆದ್ದಾರಿ. ಸಂಖ್ಯೆ ಬದಲಾದಾಗ ನಮ್ಮ ಜನರಿಗೆ ಏನೂ ಬದಲಾದಂತೆ ತೋರಲಿಲ್ಲ. ಆದರೆ ಸಂಖ್ಯೆಯೊಡನೆ ಒಡೆತನವೂ ಬದಲಾಗುತ್ತದೆ. ಪುರಸಭೆಯ ಸದಸ್ಯರಿಗೆ ಹೇಳಿ ಸರಿಪಡಿಸಿಕೊಳ್ಳುತ್ತಿದ್ದ ಚರಂಡಿ, ಮೋರಿ, ಬೀದಿ ದೀಪಗಳ ವಿಚಾರವು ದೂರದ ಕಚೇರಿಯ ಕಡತವಾಗುತ್ತದೆ. ಊರಿನ ಬೀದಿ ದೇಶದ ರಸ್ತೆಯಾಗುವುದೆಂದರೆ ಇದೇ.

ಉತ್ತರ–ದಕ್ಷಿಣದ ಹೆದ್ದಾರಿ ಚತುಷ್ಪಥವಾದಾಗ ಚಿಕ್ಕಬಳ್ಳಾಪುರ ಪೇಟೆಯನ್ನು ಬಿಟ್ಟು ಹೊರಗಿನಿಂದ ಬೈಪಾಸ್ ರಸ್ತೆಯನ್ನು ಮಾಡಲಾಯಿತು. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಇವುಗಳಿಂದ ಭೂಮಿಯ ಬೆಲೆಯೂ ವಾಹನಗಳ ಸಂಖ್ಯೆಯೂ ಏರಿದವು. ಬೈಪಾಸಿನಿಂದ ಪೇಟೆಗೆ ಉಪಕಾರವಾಯಿತು. ರಾತ್ರಿಯಿಡೀ ಗುಡುಗುತ್ತಿದ್ದ ದೂರದ ಲಾರಿಗಳು ಬಿ.ಬಿ. ರಸ್ತೆಯನ್ನು ಬಿಟ್ಟವು. ಆದರೆ ಹೆದ್ದಾರಿಯ ಒಂದು ಬದಿಯಲ್ಲಿ ಮನೆ, ಇನ್ನೊಂದು ಬದಿಯಲ್ಲಿ ಹೊಲವಿರುವ ರೈತನಿಗೆ ಹತ್ತು ಹೆಜ್ಜೆಯ ದಾರಿ ಬಹಳ ದೂರದ ಸುತ್ತಾಯಿತು. ಕೆಳಸೇತುವೆ ಎಲ್ಲಿ ಬರಬೇಕು, ನಡುವಣ ಕಟ್ಟೆಯಲ್ಲಿ ಎಲ್ಲಿ ತೆರವು ಬಿಡಬೇಕು, ಸರ್ವಿಸ್ ರಸ್ತೆ ಎಲ್ಲಿಯವರೆಗೆ ಇರಬೇಕು ಎಂಬುದು ನಕ್ಷೆಯಲ್ಲಿ ಒಂದು ಗೆರೆ. ಹಳ್ಳಿಯವನಿಗಾದರೋ ಅದು ದಿನಕ್ಕೆ ನಾಲ್ಕು ಬಾರಿಯ ಪ್ರಾಣಸಂಕಟ.

ಪೂರ್ವ–ಪಶ್ಚಿಮದ ದಾರಿಯ ಕಷ್ಟ ಬೇರೆ ಬಗೆಯದು. ಅದು ಊರುಗಳ ಒಳಗಿನಿಂದಲೇ ಬೆಳೆದು ಬಂದ ದಾರಿ. ಅದರ ಎರಡು ಬದಿಗಳಲ್ಲಿ ತಲೆಮಾರುಗಳಿಂದ ಮನೆ, ಅಂಗಡಿ, ಶಾಲೆ, ಮಸೀದಿ, ದೇವಸ್ಥಾನ, ಚರ್ಚುಗಳು ನಿಂತಿವೆ. ಅಲ್ಲಿ ಅಗಲೀಕರಣವೆಂದರೆ ಮೊದಲು ಗೋಡೆಗಳ ಮೇಲೆ ಗುರುತು ಬೀಳುತ್ತದೆ. ಇದಕ್ಕೆ ಪ್ರತಿಯಾಗಿ ರಸ್ತೆಯೇ ಬೇಡವೆನ್ನುವುದೂ ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಗೂಡಿನ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದ ರೈತನಿಗೂ ಹೆರಿಗೆ ನೋವಿನಲ್ಲಿ ಆಸ್ಪತ್ರೆಗೆ ಸಾಗುವ ತಾಯಿಗೂ ಒಳ್ಳೆಯ ರಸ್ತೆ ಬೇಕು. 2023ರ ಅಕ್ಟೋಬರ್ 26ರ ಬೆಳಿಗ್ಗೆ ಮಂಜು ಕವಿದಿದ್ದಾಗ, ಚಿಕ್ಕಬಳ್ಳಾಪುರದ ಹೊರವಲಯದ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಪ್ರಯಾಣಿಕರ ವಾಹನವೊಂದು ಹಿಂದಿನಿಂದ ಬಡಿದು 13 ಮಂದಿ ಪ್ರಾಣ ಕಳೆದುಕೊಂಡರು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟಿದ್ದ ಬಡವರು ಅವರಲ್ಲಿದ್ದರು. ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸುವುದು ನಮ್ಮ ಕರ್ತವ್ಯ. ಭಾರದ ವಾಹನಗಳು ನಿಲ್ಲಲು ಸುರಕ್ಷಿತವಾದ ಪ್ರತ್ಯೇಕ ಸ್ಥಳ ಬೇಕೆಂದು ಕೇಳುವುದೂ ನಮ್ಮ ಕರ್ತವ್ಯವೇ. ಅಗಲವಾದ ರಸ್ತೆಯಷ್ಟರಿಂದಲೇ ಪ್ರಾಣ ಉಳಿಯುವುದಿಲ್ಲವೆಂಬ ಪಾಠವೂ ಆ ದುರಂತದಲ್ಲಿದೆ.

ಇನ್ನು ಕಾನೂನಿನ ಮಾತು. ನಮ್ಮ ವಿಚಾರಣೆಯ ಅನೇಕರು ಇದನ್ನು ತಿಳಿಯದೆ ಕಾಲ ಮೀರಿದ ಮೇಲೆ ಗುರುಮನೆಯ ಬಾಗಿಲಿಗೆ ಬರುತ್ತಾರೆ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಗೆ 1997ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಭೂಮಿ ಬೇಕೆಂಬ ಸರ್ಕಾರದ ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಆ ಭೂಮಿಯಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಅಧಿಕಾರಿ ಅವರ ಅಹವಾಲನ್ನು ಕೇಳಬೇಕು. ಮುಂದಿನ ಘೋಷಣೆ ಹೊರಟರೆ ಭೂಮಿ ಸರ್ಕಾರಕ್ಕೆ ಸೇರಿಹೋಗುತ್ತದೆ. ಆ ಮೇಲೆ ಉಳಿಯುವುದು ಪರಿಹಾರದ ಮೊತ್ತದ ವಿಚಾರ ಮಾತ್ರ. 2015ರ ಜನವರಿ 1ರಿಂದ ಹೆದ್ದಾರಿಗಾಗಿ ತೆಗೆದುಕೊಳ್ಳುವ ಭೂಮಿಗೂ 2013ರ ಭೂಸ್ವಾಧೀನ ಕಾಯಿದೆಯ ಪರಿಹಾರದ ನಿಯಮಗಳು ಅನ್ವಯಿಸುತ್ತವೆ. ಅದರಂತೆ ಲೆಕ್ಕ ಹಾಕಿದ ಮೊತ್ತದಷ್ಟನ್ನೇ ಸಾಂತ್ವನ ಧನವಾಗಿ ಸೇರಿಸಿ ಕೊಡಬೇಕು. 1997ರಿಂದ 2015ರ ನಡುವೆ ಭೂಮಿ ಕಳೆದುಕೊಂಡವರಿಗೂ ಸಾಂತ್ವನ ಧನ ಮತ್ತು ಬಡ್ಡಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿತು. ಮೊತ್ತ ಸಾಲದೆಂದು ಕಂಡವರು ಮಧ್ಯಸ್ಥಗಾರರ ಮುಂದೆ ಹೋಗಬಹುದು.

ಇನ್ನೊಂದು ಕಾಯಿದೆಯನ್ನು ನಾವು ವಿಶೇಷವಾಗಿ ಹೇಳಬೇಕು. 2002ರ ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯಿದೆಯು, ಹೆದ್ದಾರಿ ಆಡಳಿತದ ಸಾಮಾನ್ಯ ಅಥವಾ ವಿಶೇಷ ಅನುಮತಿಯ ಹೊರತು, ವಾಹನದಲ್ಲಾಗಲಿ ಐದು ಅಥವಾ ಹೆಚ್ಚು ಜನರ ಗುಂಪಾಗಿ ಕಾಲ್ನಡಿಗೆಯಲ್ಲಾಗಲಿ ಹೆದ್ದಾರಿಗೆ ಪ್ರವೇಶಿಸುವ ಹಕ್ಕು ಯಾರಿಗೂ ಇಲ್ಲವೆನ್ನುತ್ತದೆ. ಇದನ್ನು ಮೊದಲ ಸಲ ಓದಿದಾಗ ನಮ್ಮ ಕಣ್ಣ ಮುಂದೆ ಬಂದುದು ಪವಿತ್ರ ಪ್ರಸಾದದ ಮೆರವಣಿಗೆ, ಅಮ್ಮನವರ ತೇರು, ಸಮಾಧಿ ಭೂಮಿಗೆ ಹೊರಟ ಶವಯಾತ್ರೆ. ಐದು ಜನರಿಗಿಂತ ಕಡಿಮೆಯಿರುವ ಶವಯಾತ್ರೆ ಉಂಟೆ? ಕಾನೂನಿನ ಉದ್ದೇಶ ಪ್ರಾಣರಕ್ಷಣೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೂರು ವರ್ಷಗಳಿಂದ ಕೇಳದೆಯೇ ನಡೆದುಕೊಂಡು ಬಂದ ದಾರಿಯಲ್ಲಿ ಇನ್ನು ಮುಂದೆ ಕೇಳಿ ನಡೆಯಬೇಕಾದೀತು. ದಾಟುವ ಜಾಗ, ಮೇಲ್ಸೇತುವೆ ಅಥವಾ ಕೆಳಸೇತುವೆ, ಶಾಲೆಯ ಹತ್ತಿರ ವೇಗ ತಗ್ಗಿಸುವ ಏರ್ಪಾಡು, ಇವೆಲ್ಲವನ್ನೂ ಕೆಲಸ ಆರಂಭವಾಗುವ ಮೊದಲೇ ಬರವಣಿಗೆಯಲ್ಲಿ ಕೇಳುವುದು ಲೇಸು.

ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಅಳತೆಯವರು ಬಂದು ದೇವಾಲಯದ ಕಾಂಪೌಂಡ್ ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿದರು. ಗೋಡೆಗೆ ತಾಗಿಕೊಂಡಂತೆ ಅಮ್ಮನವರ ಗವಿಯೂ ಒಂದು ಹಳೆಯ ಹುಣಿಸೆಮರವೂ ಇವೆ. ನಾವು ಆತುರದಿಂದ ವಿಚಾರಣೆಯ ಪಾಲನಾ ಸಮಿತಿಯನ್ನು ಕರೆದು ಎರಡು ಪುಟಗಳ ಮನವಿಯನ್ನು ಸಿದ್ಧಪಡಿಸಿದೆವು. ಅದರಲ್ಲಿ ಗೋಡೆಯಿತ್ತು, ಗವಿಯಿತ್ತು, ಮರವಿತ್ತು, ಭಕ್ತಾದಿಗಳ ಭಾವನೆಯಿತ್ತು. ಭಾನುವಾರ ಪೂಜೆಯ ಕೊನೆಯಲ್ಲಿ ಅದನ್ನು ಓದಿ ಎಲ್ಲರ ಸಹಿ ಕೇಳಿದೆವು. ದಾರಿಯ ಆಚೆ ಬದಿಯಲ್ಲಿ ಬಾಡಿಗೆಯ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಮ್ಮ ವಿಚಾರಣೆಯ ಹಿರಿಯರೊಬ್ಬರು ಸಹಿ ಮಾಡಿ, ನಂತರ ವಸ್ತ್ರಾಲಯಕ್ಕೆ ಬಂದು ಮೆಲ್ಲಗೆ ಕೇಳಿದರು: “ಸ್ವಾಮಿ, ನಮ್ಮ ಗುಡಿ ಗೋಡೆ ಉಳೀಬೇಕು ಅಂದ್ರೆ ರಸ್ತೆ ಆ ಕಡೆಗೆ ಸರೀಬೇಕಲ್ಲ? ಆ ಕಡೆ ನಾವಿದ್ದೀವಿ.”

ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಬದಿಯಲ್ಲಿ ಉಳಿಸಿದ ಪ್ರತಿ ಅಡಿಯೂ ಇನ್ನೊಂದು ಬದಿಯಲ್ಲಿ ಕಳೆಯುವ ಅಡಿಯೆಂಬ ಸರಳ ಲೆಕ್ಕ ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನಮಗೆ ಹೊಳೆದಿರಲಿಲ್ಲ. ದೇವಾಲಯದ ಹಿಂದೆ ಸಾವಿರ ಸಹಿಗಳಿವೆ, ಧರ್ಮಾಧ್ಯಕ್ಷರ ಪತ್ರವಿದೆ. ಬಾಡಿಗೆ ಅಂಗಡಿಯವನ ಹಿಂದೆ ಏನಿದೆ? ಭೂಮಿಗೆ ಪರಿಹಾರ ಬಂದರೂ ಅದು ಮೊದಲು ಸಲ್ಲುವುದು ಪತ್ರವುಳ್ಳ ಮಾಲೀಕನಿಗೆ. ಗಿರಾಕಿಗಳನ್ನೂ ಜೀವನವನ್ನೂ ಕಳೆದುಕೊಳ್ಳುವವನು ಬಾಡಿಗೆದಾರ. ಆ ಮನವಿಯನ್ನು ನಾವು ಕಳುಹಿಸಲಿಲ್ಲ.

ಹಳೆಯ ಒಡಂಬಡಿಕೆಯಲ್ಲಿ ನಾಬೋತನ ದ್ರಾಕ್ಷಿತೋಟದ ಕಥೆಯಿದೆ. ಅರಮನೆಗೆ ಹೊಂದಿಕೊಂಡಿದ್ದ ತೋಟವನ್ನು ಅಹಾಬ ರಾಜನು ಬಯಸಿದನು. ಬೇರೆ ತೋಟವನ್ನಾಗಲಿ ಬೆಲೆಯನ್ನಾಗಲಿ ಕೊಡುವೆನೆಂದನು. ಪಿತ್ರಾರ್ಜಿತವನ್ನು ಬಿಡಲಾರೆನೆಂದ ನಾಬೋತನು ಪ್ರಾಣವನ್ನೇ ತೆರಬೇಕಾಯಿತು. ಈ ಕಥೆಯನ್ನು ಓದುವಾಗ ನಾವೆಲ್ಲರೂ ನಮ್ಮನ್ನು ನಾಬೋತನ ಸ್ಥಾನದಲ್ಲಿ ಇಟ್ಟುಕೊಳ್ಳುತ್ತೇವೆ. ಆದರೆ ಬಲವುಳ್ಳ ಸಂಸ್ಥೆಯೊಂದು ತನ್ನ ಗೋಡೆಗಾಗಿ ಎದುರು ಬದಿಯ ಬಡವನ ಮೇಲೆ ರಸ್ತೆಯನ್ನು ತಳ್ಳಿದರೆ ಅದು ಯಾರ ಸ್ಥಾನದಲ್ಲಿ ನಿಲ್ಲುತ್ತದೆ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು. ಧರ್ಮಸಭೆಯ ಸಾಮಾಜಿಕ ಬೋಧನೆಯ ಪ್ರಕಾರ ಆಸ್ತಿಯ ಹಕ್ಕು ಸರ್ವರ ಹಿತಕ್ಕೆ ಅಧೀನವಾದುದು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೋ ಸೀ’ ಎಂಬ ವಿಶ್ವಪತ್ರದಲ್ಲಿ, ಯಾವುದೇ ಯೋಜನೆಯ ಚರ್ಚೆಯಲ್ಲಿ ಆ ಸ್ಥಳದ ನಿವಾಸಿಗಳಿಗೆ ವಿಶೇಷ ಸ್ಥಾನವಿರಬೇಕೆಂದು ಬೋಧಿಸಿದರು. ನಿವಾಸಿಗಳೆಂದರೆ ದಾರಿಯ ಈಚೆಯವರು ಮಾತ್ರವಲ್ಲ.

ಇದು ನಮ್ಮ ಸಮುದಾಯವೊಂದರ ಸಂಕಟವೂ ಅಲ್ಲ. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ರಸ್ತೆಬದಿಯ ದೇವಸ್ಥಾನವನ್ನು ಕೆಡವಿದಾಗ ಭಕ್ತರು ಪಟ್ಟ ವ್ಯಥೆ ನಾಡಿಗೆಲ್ಲ ತಿಳಿದಿದೆ. ಸಾರ್ವಜನಿಕ ಸ್ಥಳಗಳಲ್ಲಿರುವ ಧಾರ್ಮಿಕ ಕಟ್ಟಡಗಳ ರಕ್ಷಣೆಗಾಗಿ ರಾಜ್ಯವು ಅದೇ ವರ್ಷ ಒಂದು ಕಾಯಿದೆಯನ್ನು ಮಾಡಿತು. ಕಾಯಿದೆಯು ಗುಡಿಯನ್ನು ಉಳಿಸಬಹುದು. ಹೊಲಿಗೆ ಅಂಗಡಿಯನ್ನು ಉಳಿಸುವ ಕಾಯಿದೆ ಸುಲಭವಾಗಿ ಹುಟ್ಟುವುದಿಲ್ಲ. ಅದನ್ನು ಉಳಿಸಬಲ್ಲುದು ನೆರೆಹೊರೆಯವರ ಒಗ್ಗಟ್ಟು ಮಾತ್ರ.

ಹೊಸ ಮನವಿಯನ್ನು ನಾವು ಒಬ್ಬರೇ ಬರೆಯಲಿಲ್ಲ. ದಾರಿಯ ಎರಡೂ ಬದಿಯವರನ್ನು, ಎಲ್ಲ ಮತದವರನ್ನು, ಶಾಲೆಯ ಅಂಗಳದಲ್ಲಿ ಸೇರಿಸಿ ಬರೆಸಿದೆವು. ಭಾರದ ವಾಹನಗಳಿಗೆ ಊರ ಹೊರಗೆ ಬೇರೆ ಮಾರ್ಗವಾಗಬಹುದೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಒಳಗಿನ ರಸ್ತೆಯನ್ನು ಅಗಲಿಸಲೇಬೇಕಾದರೆ ನಡುವಣ ಗೆರೆಯಿಂದ ಎರಡೂ ಬದಿಗೆ ಸಮನಾಗಿ ಅಳೆಯಬೇಕು. ದೇವಾಲಯದ ಗೋಡೆಗೆ ಬೇರೆ ಅಳತೆ ಬೇಡ. ಬಾಡಿಗೆದಾರರಿಗೂ ಬೀದಿ ವ್ಯಾಪಾರಿಗಳಿಗೂ ಬದಲಿ ಜಾಗ ತೋರಿಸಿದ ಮೇಲೆಯೇ ತೆರವು ನಡೆಯಬೇಕು. ಕಾಲುದಾರಿ ಮತ್ತು ದಾಟುವ ಸ್ಥಳ ಮೂಲ ನಕ್ಷೆಯಲ್ಲೇ ಇರಬೇಕು. ಇಷ್ಟೇ ಅದರ ಸಾರಾಂಶ. ಸಮಿತಿಯ ಕೆಲವರಿಗೆ ಎರಡನೆಯ ಅಂಶ ಇಷ್ಟವಾಗಲಿಲ್ಲ. ಗವಿಯನ್ನು ಹಿರಿಯರು ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದರೆಂದು ನೆನಪಿಸಿದರು. ಅವರ ನೋವು ನ್ಯಾಯವಾದುದೇ. ದೇವಾಲಯದ ಆಸ್ತಿ ವಿಚಾರಣೆಯ ಗುರುವಿನ ಸ್ವಂತದ್ದಲ್ಲ. ಅದನ್ನು ಬಿಟ್ಟುಕೊಡುವ ಅಧಿಕಾರವೂ ನಮಗಿಲ್ಲ. ಅದಕ್ಕಾಗಿ ಮೇಲಿನವರಿಗೆ ಎಲ್ಲವನ್ನೂ ವಿವರವಾಗಿ ಅರಿಕೆ ಮಾಡಿಕೊಂಡಿದ್ದೇವೆ. ಆದರೆ ಗವಿಯನ್ನು ಹಿಂದಕ್ಕೆ ಸರಿಸಿ ಕಟ್ಟಬಹುದು. ಅಮ್ಮನವರು ಅಲ್ಲಿಯೂ ನಮ್ಮ ಪ್ರಾರ್ಥನೆಯನ್ನು ಕೇಳುವರು. ಅರವತ್ತು ದಾಟಿದ ದರ್ಜಿಯೊಬ್ಬರು ತಮ್ಮ ಬದುಕನ್ನು ಹಿಂದಕ್ಕೆ ಸರಿಸಿ ಕಟ್ಟಲಾರರು.

ಈ ಲೇಖನ ಬರೆಯುವ ಹೊತ್ತಿಗೆ ಗೋಡೆಯ ಮೇಲಿನ ಕೆಂಪು ಗುರುತುಗಳು ಮಳೆಗೆ ಮಾಸಿವೆ. ತೀರ್ಮಾನ ಇನ್ನೂ ಬಂದಿಲ್ಲ. ನಾಳೆಯ ಪತ್ರಿಕೆಯಲ್ಲಿಯೇ ಅಧಿಸೂಚನೆ ಬರಬಹುದು. ಆದುದರಿಂದ ಓದು ಬಲ್ಲ ಯುವಕ ಯುವತಿಯರು ದಿನಪತ್ರಿಕೆಯ ಸಣ್ಣಕ್ಷರದ ಪ್ರಕಟಣೆಗಳನ್ನೂ ನೋಡುತ್ತಿರಬೇಕು. 21 ದಿನಗಳೆಂದರೆ ಮೂರೇ ಭಾನುವಾರ. ಮನೆಯ ಪತ್ರಗಳನ್ನೂ ಕಂದಾಯದ ರಸೀದಿಗಳನ್ನೂ ಬಾಡಿಗೆಯ ಕರಾರುಗಳನ್ನೂ ಈಗಲೇ ಸರಿಪಡಿಸಿ ಇಟ್ಟುಕೊಳ್ಳಬೇಕು.

ಜೆರುಸಲೇಮಿನಿಂದ ಜೆರಿಕೋವಿಗೆ ಹೋಗುವ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಸಾಮತಿಯನ್ನು ಪ್ರಭು ಯೇಸುಕ್ರಿಸ್ತರು ಹೇಳಿದಾಗ, ಅವನನ್ನು ಕಂಡೂ ದಾರಿಯ ಆಚೆ ಬದಿಯಿಂದ ಹಾದುಹೋದವರಲ್ಲಿ ಮೊದಲನೆಯವನು ಒಬ್ಬ ಯಾಜಕ. ಆ ಮಾತು ಗುರುಗಳಾದ ನಮಗೆ ಎಂದೂ ಸುಲಭವಾಗಿ ಜೀರ್ಣವಾಗುವುದಿಲ್ಲ. ದಾರಿಯ ಆಚೆ ಬದಿಯಲ್ಲಿ ಇರುವವರೂ ನಮ್ಮವರೇ ಎಂಬ ಅರಿವನ್ನು ನೂರು ವರ್ಷದ ಈ ದೇವಾಲಯವು ಮುಂದಿನ ನೂರು ವರ್ಷಗಳಿಗೆ ಕೊಂಡೊಯ್ಯಲಿ. ದಾರಿ ಎಷ್ಟೇ ಅಗಲವಾದರೂ ಅದನ್ನು ದಾಟಿ ಬರುವ ಮಕ್ಕಳನ್ನೂ ವೃದ್ಧರನ್ನೂ, ದೂರದಿಂದ ಬಂದು ದೂರಕ್ಕೆ ಹೋಗುವ ಪ್ರಯಾಣಿಕರನ್ನೂ ಪ್ರಭು ಕಾಪಾಡಲೆಂದು ಪ್ರಾರ್ಥಿಸುತ್ತ, ವಿಚಾರಣೆಯ ಸಮಸ್ತ ಭಕ್ತಾದಿಗಳಿಗೆ ಶತಮಾನೋತ್ಸವದ ಶುಭಾಶಯಗಳನ್ನೂ ಆಶೀರ್ವಾದವನ್ನೂ ಕೋರುತ್ತೇವೆ.